ಮಣ್ಣಲ್ಲಿ ಕರಗುವ ಚೀಲ ಯಾಕೆ ಕರಗಲಿಲ್ಲ?

ಮಾನ್ಯ ಸಂಪಾದಕರೇ,

ಮೆಕ್ಕೆಜೋಳದಿಂದ ಮಾಡಿದ ಚೀಲಗಳ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಮಣ್ಣಿಗೆ ಹಾಕಿದರೆ ತಾನಾಗಿಯೇ ಕರಗುತ್ತವೆ ಎಂಬ ಒಂದು ಸಾಲು ಅದರಲ್ಲಿತ್ತು. ಆ ಸಾಲಿಗಾಗಿಯೇ ಈ ಪತ್ರ.

ಹೋದ ದೀಪಾವಳಿ ಮುಗಿದ ಮೇಲೆ ನಮ್ಮ ಅತ್ತೆ ಅಂಥದೇ ಒಂದು ಚೀಲದಲ್ಲಿ ತರಕಾರಿ ಸಿಪ್ಪೆ ತುಂಬಿ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿದರು. 'ಚೀಲದ ಸಮೇತ ಹಾಕಿ ಅತ್ತೆ, ಕರಗುತ್ತೆ' ಎಂದವಳು ನಾನೇ. ಯುಗಾದಿ ಹೊತ್ತಿಗೆ ಗುಂಡಿ ತೆಗೆದರೆ ಸಿಪ್ಪೆಯೆಲ್ಲ ಕಪ್ಪು ಗೊಬ್ಬರವಾಗಿತ್ತು. ಚೀಲ ಮಾತ್ರ ಗುದ್ದಲಿಗೆ ಸಿಕ್ಕಿಕೊಂಡು ಮೇಲೆ ಬಂತು. ಅಂಚು ಹರಿದಿತ್ತು, ಅಷ್ಟೇ. ಮೇಲೆ ಅಚ್ಚು ಹಾಕಿದ್ದ ಹಸಿರು ಎಲೆ ಹಾಗೇ ಇತ್ತು. 'ಕರಗುತ್ತೆ ಅಂದಿದ್ಯಲ್ಲಮ್ಮ, ಎಲ್ಲಿ ಕರಗಿದೆ?' ಎಂದು ಅತ್ತೆ ಕೇಳಿದರು.

ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಈ ಚೀಲದ ವಸ್ತು ಪಾಲಿಯೆಸ್ಟರ್, ಅಂದರೆ ಉದ್ದ ಸರಪಳಿಯಂಥ ಅಣುಗಳ ಒಂದು ಬಗೆಯ ಪ್ಲಾಸ್ಟಿಕ್. ಸಂಶೋಧನೆ ಮಾಡಿದ್ದೂ ಇಂಥ ಪಾಲಿಯೆಸ್ಟರ್‌ಗಳ ಮೇಲೆಯೇ. ಅತ್ತೆಯ ಮಾತಿಗೆ ಸರಿಯಾದ ಉತ್ತರ ಕೊಡದೆ ಇರಲು ಮನಸ್ಸು ಒಪ್ಪಲಿಲ್ಲ. ಚೀಲದಿಂದ ಎರಡು ಬೆರಳಗಲ ಕತ್ತರಿಸಿ, ತೊಳೆದು, ಒಣಗಿಸಿ ಕಾಲೇಜಿನ ಇನ್‌ಫ್ರಾರೆಡ್ ಯಂತ್ರಕ್ಕೆ ಇಟ್ಟೆ.

ಆ ಯಂತ್ರ ಮಾಡುವ ಕೆಲಸ ಕಷ್ಟದ್ದಲ್ಲ. ಪರಮಾಣುಗಳ ನಡುವಿನ ಒಂದೊಂದು ಕೊಂಡಿಯೂ ತನ್ನದೇ ತಾಳದಲ್ಲಿ ಅದುರುತ್ತಿರುತ್ತದೆ. ಆ ತಾಳಕ್ಕೆ ಹೊಂದುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ. ಹಾಗೆ ಹೀರಿದ್ದು ಯಂತ್ರದ ಪರದೆಯಲ್ಲಿ ಶಿಖರವಾಗಿ ಕಾಣುತ್ತದೆ. ಶಿಖರ ಎಲ್ಲಿದೆ ಎಂದು ಹೇಳುವ ಅಂಕಿ, ಒಂದು ಸೆಂಟಿಮೀಟರಿನಲ್ಲಿ ಆ ಬೆಳಕಿನ ಎಷ್ಟು ಅಲೆ ಹಿಡಿಯುತ್ತವೆ ಎಂಬ ಲೆಕ್ಕ. ಪಾಲಿಯೆಸ್ಟರ್‌ನಲ್ಲಿ ಕಾರ್ಬನ್ನಿಗೂ ಆಕ್ಸಿಜನ್ನಿಗೂ ಇರುವ ಜೋಡಿ ಕೊಂಡಿ ಎಲ್ಲಕ್ಕಿಂತ ಜೋರಾಗಿ ಕಾಣುತ್ತದೆ. ನಮ್ಮ ಚೀಲದಲ್ಲಿ ಅಂಥ ಎರಡು ಶಿಖರ ಇದ್ದವು. 1750ರ ಹತ್ತಿರದ್ದು ಪಿಎಲ್‌ಎ, ಅಂದರೆ ಮೆಕ್ಕೆಜೋಳದ ಸಕ್ಕರೆಯನ್ನು ಹುದುಗಿಸಿ ಬಂದ ಲ್ಯಾಕ್ಟಿಕ್ ಆಮ್ಲದ ಸರಪಳಿ. 1710ರ ಹತ್ತಿರದ್ದು ಪಿಬಿಎಟಿ, ಮೆತ್ತಗೆ ಬಾಗುವ ಇನ್ನೊಂದು ಪಾಲಿಯೆಸ್ಟರ್. ಪಿಎಲ್‌ಎ ಒಂದೇ ಇದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ, ಚೀಲ ಬಾಗಲಿ ಅಂತ ಇದನ್ನು ಬೆರೆಸುತ್ತಾರೆ. ಐದು ತಿಂಗಳು ಗುಂಡಿಯಲ್ಲಿದ್ದರೂ ಎರಡೂ ಗಟ್ಟಿಯಾಗಿ ನಿಂತಿದ್ದವು.

ಬೆರಕೆ ಪಾಲಿಯೆಸ್ಟರ್ ಹರಳುಗಟ್ಟುವುದನ್ನು ಹತ್ತಿರದಿಂದ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಜಾಸ್ತಿ ಇಲ್ಲ. ನಾನು ಕೆಲಸ ಮಾಡಿದ್ದು ಪಿಎಲ್‌ಎ ಮತ್ತು ಪಿಎಚ್‌ಬಿ ಬೆರಕೆಯ ಮೇಲೆ. ಪಿಎಚ್‌ಬಿ ಬ್ಯಾಕ್ಟೀರಿಯಾಗಳು ತಮ್ಮೊಳಗೆ ಕೂಡಿಟ್ಟುಕೊಳ್ಳುವ ವಸ್ತು, ನಮಗೆ ಕೊಬ್ಬು ಇದ್ದ ಹಾಗೆ. 1926ರಲ್ಲಿ ಫ್ರಾನ್ಸಿನ ಮೋರಿಸ್ ಲೆಮ್ವಾನ್ಯ್ ಅದನ್ನು ಗುರುತಿಸಿದರು. ಎರಡನ್ನೂ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಇನ್‌ಫ್ರಾರೆಡ್ ಬೆಳಕನ್ನು ಹಾಯಬಿಡುವ ಪೊಟ್ಯಾಸಿಯಂ ಬ್ರೋಮೈಡ್ ಎಂಬ ಲವಣದ ಬಿಲ್ಲೆಯ ಮೇಲೆ ಒಂದು ಹನಿ ಬಿಡುತ್ತಿದ್ದೆ. ಮಳೆಗಾಲದಲ್ಲಿ ಆ ಬಿಲ್ಲೆ ಗಾಳಿಯ ತೇವ ಕುಡಿದು ಮಂಜಾಗುತ್ತಿತ್ತು. ಮಲೆನಾಡಿನಲ್ಲಿ ಅದನ್ನು ಕಾಪಾಡುವುದೇ ಅರ್ಧ ಕೆಲಸ! ಆಮೇಲೆ 190 ಡಿಗ್ರಿಗೆ ಕಾಯಿಸಿ ಪೂರ್ತಿ ಕರಗಿಸಿ, ನಿಮಿಷಕ್ಕೆ ಎರಡು ಡಿಗ್ರಿಯಂತೆ ಇಳಿಸುತ್ತಾ ಪರದೆ ನೋಡುತ್ತಾ ಕೂರುವುದು.

ಕರಗಿದ ಪಿಎಚ್‌ಬಿ 1740ರ ಹತ್ತಿರ ಅಗಲವಾದ ದಿಬ್ಬದ ಹಾಗೆ ಕಾಣುತ್ತದೆ. ತಣಿಯುತ್ತಾ ಹೋದಂತೆ ಆ ದಿಬ್ಬ ಕುಸಿಯುತ್ತದೆ. ಪಕ್ಕದಲ್ಲೇ 1723ರಲ್ಲಿ ಸೂಜಿಯಂಥ ಶಿಖರ ಏಳುತ್ತದೆ. ಸರಪಳಿಗಳು ಸಾಲಾಗಿ ಮಡಿಚಿಕೊಂಡು ಹರಳು ಕಟ್ಟುತ್ತಿವೆ ಎಂದು ಅರ್ಥ. 3009ರಲ್ಲಿ ಪುಟ್ಟದೊಂದು ಗುರುತೂ ಬರುತ್ತದೆ. ಒಂದು ಸರಪಳಿಯ ಹೈಡ್ರೋಜನ್ ಇನ್ನೊಂದರ ಆಕ್ಸಿಜನ್ನನ್ನು ಮೆತ್ತಗೆ ಹಿಡಿದುಕೊಂಡಿರುವುದರ ಗುರುತು ಅದು. ಜಪಾನಿನ ಕ್ವಾನ್ಸೇ ಗಾಕುಯಿನ್ ವಿಶ್ವವಿದ್ಯಾಲಯದ ಯುಕಿಹಿರೊ ಒಜಾಕಿ ಅವರ ತಂಡ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಪಿಎಲ್‌ಎ ಶಿಖರ ಬೇರೆ ಜಾಗದಲ್ಲಿರುವುದರಿಂದ, ಒಂದೇ ಬೆರಕೆಯಲ್ಲಿ ಯಾವುದು ಯಾವಾಗ ಹರಳಾಯಿತು ಎಂದು ಬೇರೆ ಬೇರೆಯಾಗಿ ನೋಡಬಹುದು. ಮೊದಲ ಸಲ ಆ ಸೂಜಿ ಏಳುವುದನ್ನು ಕಂಡಾಗ ನಾನು ಮಧ್ಯಾಹ್ನದ ಊಟ ಮರೆತು ಕೂತಿದ್ದೆ.

ಮನೆಯ ತುಪ್ಪ ನೆನಪಿಸಿಕೊಳ್ಳಿ. ನಿಧಾನ ಆರಿದರೆ ಹರಳು ಹರಳಾಗುತ್ತದೆ, ಫ್ರಿಜ್ಜಿಗಿಟ್ಟು ಬೇಗ ತಣಿಸಿದರೆ ನುಣ್ಣಗಿರುತ್ತದೆ. ಪಿಎಲ್‌ಎ ಕೂಡ ಹಾಗೇ. ಬೇಗ ತಣಿಸಿದ ಪಾರದರ್ಶಕ ಲೋಟಕ್ಕೆ ಬಿಸಿ ಕಾಫಿ ಹಾಕಿದರೆ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಬಾಗುತ್ತದೆ. ಅದನ್ನೇ ಹರಳುಗಟ್ಟಿಸಿ ಮಾಡಿದ ಬಿಳಿ ಚಮಚ ಬಿಸಿ ಸಾರಿಗೂ ಜಗ್ಗುವುದಿಲ್ಲ. ಆದರೆ ಅದೇ ಹರಳಿನೊಳಗೆ ನೀರು ಬೇಗ ನುಗ್ಗುವುದಿಲ್ಲ. ನೀರು, ಸೂಕ್ಷ್ಮಜೀವಿ ಮೊದಲು ತಿನ್ನುವುದು ಹರಳಾಗದ ಸಡಿಲ ಭಾಗವನ್ನು. ಹರಳು ಕೊನೆಗೆ ಉಳಿಯುತ್ತದೆ.

ಅದಕ್ಕಿಂತ ದೊಡ್ಡ ಸಂಗತಿ ಶಾಖ. ಕಾಂಪೋಸ್ಟ್ ಆಗುತ್ತದೆ ಎಂಬ ಪ್ರಮಾಣಪತ್ರಕ್ಕೆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿಯಲ್ಲಿ. ಅಷ್ಟು ಬಿಸಿಯಲ್ಲಿ ಪಿಎಲ್‌ಎ ಸರಪಳಿಗಳು ಸಡಿಲಾಗಿ ನೀರಿಗೆ ದಾರಿ ಬಿಡುತ್ತವೆ. ನಮ್ಮ ಗುಂಡಿಗೆ ಥರ್ಮಾಮೀಟರ್ ಇಳಿಸಿದೆ, 34 ಡಿಗ್ರಿ ತೋರಿಸಿತು. ಅಲ್ಲಿ ಆ ಸರಪಳಿಗಳು ಬಿಗಿಯಾಗಿಯೇ ಇರುತ್ತವೆ. ಅಂದರೆ ಚೀಲ ಮೋಸವಲ್ಲ, ಅದು ಹೋಗಬೇಕಾದ ಜಾಗಕ್ಕೆ ಹೋಗಲಿಲ್ಲ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲೆಲ್ಲ ನಿಷೇಧವಾದವು. ಜನ ಒಳ್ಳೆ ಮನಸ್ಸಿನಿಂದ ಈ ಚೀಲಗಳನ್ನು ಕೈಗೆತ್ತಿಕೊಂಡಿದ್ದಾರೆ. ನಮ್ಮ ಚೀಲದ ಮೇಲಿದ್ದದ್ದು ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಅತ್ತೆ ಅದನ್ನು ಹೇಗೆ ಓದಬೇಕು? ಯಾವ ಕಾಂಪೋಸ್ಟ್ ಘಟಕಕ್ಕೆ ಕೊಡಬೇಕು, ಮನೆಯ ಗುಂಡಿಗೆ ಹಾಕಬಹುದೋ ಬೇಡವೋ ಎಂದು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಅಚ್ಚು ಹಾಕಲಿ. ಹಸಿ ಕಸದ ಜೊತೆ ಇವನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನಗರಸಭೆಗಳು ಕಸದ ಗಾಡಿಯ ಮೈಕಿನಲ್ಲೇ ಹೇಳಲಿ. ನಿಮ್ಮ ಪತ್ರಿಕೆ ಆ ಒಂದು ಸಾಲನ್ನು ತಿದ್ದಿದರೂ ತುಂಬಾ ಉಪಕಾರ.

ಗುಂಡಿಯಿಂದ ತೆಗೆದ ಚೀಲದ ಒಂದು ತುಂಡನ್ನು ಈ ಪತ್ರಕ್ಕೆ ಪಿನ್ ಮಾಡಿದ್ದೇನೆ. ದಯವಿಟ್ಟು ಕೈಯಲ್ಲಿ ಎಳೆದು ನೋಡಿ.

ಇಂತಿ,
ರಸಾಯನಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ