ಕೊನೆಯ ಬೆಲ್ ಆದ ಮೇಲೂ ಉಳಿದವರಿಗೆ

ಹತ್ತನೇ ತರಗತಿಯ ಫಲಿತಾಂಶ ಬಂತು. ಪಾಸಾದೆ, ಗಣಿತದಲ್ಲೂ ಒಳ್ಳೆಯ ಅಂಕ ಬಂದಿದೆ. ಫೋನ್ ಮಾಡಿ ಖುಷಿಪಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಆದರೆ ಅಂಕಪಟ್ಟಿಯಲ್ಲಿರುವುದು ನನ್ನ ಹೆಸರು ಮಾತ್ರ. ಅದರ ಹಿಂದೆ ಸಂಜೆಗಳನ್ನು ಕೊಟ್ಟವರು ಬೇರೆ ಇದ್ದಾರೆ. ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದರಿಂದ ಹಾಕುತ್ತಿಲ್ಲ. ಓದಿದರೆ ಯಾರು ಯಾರೆಂದು ನಮ್ಮ ಶಾಲೆಯವರಿಗೆ ಗೊತ್ತಾಗುತ್ತದೆ.

ಒಂಬತ್ತನೇ ತರಗತಿಯ ನಡುವೆ ನನ್ನ ಕಾಲು ಮುರಿಯಿತು. ಪ್ಲಾಸ್ಟರ್ ಬಿಚ್ಚಿ ಶಾಲೆಗೆ ಬರುವಷ್ಟರಲ್ಲಿ ಪಾಠ ಎಲ್ಲೋ ಮುಂದೆ ಹೋಗಿತ್ತು. ರಿಲೇ ತಂಡದಲ್ಲಿದ್ದ ಜಾಗವೂ ಹೋಯಿತು. ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಳ್ಳುತ್ತಿದ್ದೆ, ಒಳಗೆ ಏನೂ ಇಳಿಯುತ್ತಿರಲಿಲ್ಲ. ಕೇಳಲು ನಾಚಿಕೆ. ಇದನ್ನು ಮೊದಲು ಗಮನಿಸಿದವರು ಗಣಿತದ ಮೇಷ್ಟ್ರು. "ಸಂಜೆ ಸ್ಪೆಷಲ್ ಕ್ಲಾಸಿಗೆ ಬಾ" ಅಂದರು, ಅಷ್ಟೇ.

ಸ್ಪೆಷಲ್ ಕ್ಲಾಸ್ ಅಂದರೆ ಹಿಂದುಳಿದವರಿಗೆ ಮಾತ್ರ ಅನ್ನುವ ಮಾತು ಎಲ್ಲ ಶಾಲೆಯಲ್ಲೂ ಇರುತ್ತದೆ ಅಲ್ವಾ? ಮೇಷ್ಟ್ರು ಅದಕ್ಕೆ ಜಾಗ ಕೊಡಲಿಲ್ಲ. ಚೆನ್ನಾಗಿ ಓದುವವರನ್ನೂ ಕೂರಿಸಿದರು. ನಮಗೆ ಪಾಠ ಹೇಳಿಕೊಡುವ ಕೆಲಸ ಅವರಿಗೆ ಕೊಟ್ಟರು. ಬೆಳಗಿನ ಪಾಠವನ್ನೇ ಸಂಜೆ ಇನ್ನೊಂದು ಸಲ ಓದಿ ಹೇಳುವ ಸ್ಪೆಷಲ್ ಕ್ಲಾಸಿನಿಂದ ಜಾಸ್ತಿ ಉಪಯೋಗವಿಲ್ಲ ಎಂದು ನನಗನ್ನಿಸುತ್ತದೆ. ನಮ್ಮ ಮೇಷ್ಟ್ರು ಹಿಂದಕ್ಕೆ ಹೋದರು. ವರ್ಗ ಸಮೀಕರಣ ಬಿಡಿಸಲು ಬಾರದವನ ನೋಟ್ಸ್ ನೋಡಿ, ಇವನಿಗೆ ತೊಡಕಾಗಿರುವುದು ಸಮೀಕರಣ ಅಲ್ಲ, ಮೈನಸ್ ಚಿಹ್ನೆ ಎಂದು ಕಂಡುಹಿಡಿದರು.

ಮೈನಸ್ ಅನ್ನು ಮೈನಸ್‌ನಿಂದ ಗುಣಿಸಿದರೆ ಪ್ಲಸ್ ಎಂದು ಬಾಯಿಪಾಠ ಮಾಡಿದ್ದೆ. ಯಾಕೆ ಎಂದು ಗೊತ್ತಿರಲಿಲ್ಲ. ಅವರು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದರು. 3 × (−2) = −6. 2 × (−2) = −4. 1 × (−2) = −2. 0 × (−2) = 0. "ಉತ್ತರ ಪ್ರತಿ ಸಲ ಎಷ್ಟು ಏರುತ್ತಿದೆ?" ಎಂದು ಕೇಳಿದರು. ಎರಡೆರಡು ಏರುತ್ತಿತ್ತು. "ಹಾಗಾದರೆ ಮುಂದಿನ ಸಾಲು ನೀನೇ ಬರಿ." (−1) × (−2) = 2 ಎಂದು ನನ್ನ ಕೈಯೇ ಬರೆಯಿತು. ಸರ್, ಆ ಸಾಲನ್ನು ನೀವೇ ಬರೆದುಬಿಡಬಹುದಿತ್ತು. ಬರೆಯಲಿಲ್ಲ, ನನಗಾಗಿ ಕಾದಿರಿ. ಆಮೇಲೆ ಗಣಿತದ ಮೇಲಿನ ನನ್ನ ಹೆದರಿಕೆ ಕರಗತೊಡಗಿತು.

ವಿಜ್ಞಾನದ ಮಿಸ್ ದಾರಿ ಬೇರೆ. ಹೊಸ ಪಾಠ ಶುರು ಮಾಡುವ ಮೊದಲು ನಿನ್ನೆಯದನ್ನು ಕೇಳುತ್ತಿದ್ದರು, ವಾರದ ನಂತರ ಅದನ್ನೇ ಮತ್ತೆ ಕೇಳುತ್ತಿದ್ದರು. ಪುಸ್ತಕ ಮುಚ್ಚಿಯೇ ಉತ್ತರ ಹೇಳಬೇಕು. ಯಾಕೆ ಮಿಸ್ ಎಂದು ಕೇಳಿದಾಗ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿಯ ಕಥೆ ಹೇಳಿದರು. ಆತ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದನಂತೆ. ಕಲಿತ ಕೂಡಲೇ ಮರೆವು ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಕಲಿತದ್ದು ಮರೆತರೆ ನನ್ನ ತಲೆಯೇ ಸರಿಯಿಲ್ಲ ಅಂದುಕೊಂಡಿದ್ದ ನನಗೆ ಈ ಮಾತು ಎಷ್ಟು ಸಮಾಧಾನ ಕೊಟ್ಟಿತು ಎಂದು ಮಿಸ್‌ಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಇನ್ನು ಪಿಟಿ ಸರ್. ಓಡಲಾಗದವನನ್ನು ಮೈದಾನದಿಂದ ದೂರ ಕಳಿಸುವುದು ಸುಲಭವಿತ್ತು. ಅವರು ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟರು. ಶಾಲೆ ಬಿಟ್ಟ ಮೇಲೆ ರಿಲೇ ಅಭ್ಯಾಸ ನಡೆಯುವಾಗ ಬ್ಯಾಟನ್ ಬದಲಾಗುವ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ನಾಲ್ವರು ತಲಾ ನೂರು ಮೀಟರ್ ಓಡುವ ರಿಲೇಯಲ್ಲಿ ಆ ಜಾಗ 30 ಮೀಟರ್ ಉದ್ದ. ಓಟಗಾರನ ಕಾಲು ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ, ಕೈ ಬದಲಾಗುವಾಗ ಬ್ಯಾಟನ್ ಆ ಗೆರೆಗಳ ಒಳಗಿರಬೇಕು. ಓಡುತ್ತಿದ್ದಾಗ ನಾನು ಇದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮುಂದಿನವನು ಬೇಗ ಹೊರಟರೆ ಹಿಂದಿನವನ ಕೈ ಸಿಗದು, ತಡವಾದರೆ ಇಬ್ಬರ ವೇಗವೂ ಕುಗ್ಗುತ್ತದೆ. ಎಲ್ಲಿ ತಡವಾಯಿತು ಎಂದು ಬರೆದು ತೋರಿಸುತ್ತಿದ್ದೆ. ಹುಡುಗರು ನನ್ನ ಪುಸ್ತಕಕ್ಕಾಗಿ ಕಾಯುತ್ತಿದ್ದರು. ನಾನು ಮತ್ತೆ ತಂಡದವನಾದೆ. ಆ ಗೆಳೆಯರಿಗೂ ಥ್ಯಾಂಕ್ಸ್.

ಅದೇ ಸ್ಟಾಪ್‌ವಾಚ್ ವಿಜ್ಞಾನ ಕ್ಲಬ್ಬಿಗೂ ಬಂತು. ಲ್ಯಾಬ್ ನೋಡಿಕೊಳ್ಳುವ ಅಣ್ಣ ಒಂದು ಮೀಟರ್ ದಾರಕ್ಕೆ ಗುಂಡು ಕಟ್ಟಿ ತೂಗುಬಿಟ್ಟರು. ಹೋಗಿ ಬರಲು ಸುಮಾರು 2 ಸೆಕೆಂಡ್. ಗುಂಡು ಭಾರ ಮಾಡಿದರೂ ಅಷ್ಟೇ. ಅದರ ಎರಡರಷ್ಟು ಹೊತ್ತು ಬೇಕೆಂದರೆ ದಾರ ನಾಲ್ಕರಷ್ಟು ಉದ್ದ ಬೇಕು. ಒಂದೇ ತೂಗಾಟ ಅಳೆಯಬೇಡ, 20 ತೂಗಾಟ ಅಳೆದು 20ರಿಂದ ಭಾಗಿಸು ಎಂದು ಕಲಿಸಿದ್ದೂ ಅವರೇ. ಗುಂಡಿ ಒತ್ತುವಾಗ ಬೆರಳು ಮಾಡುವ ತಡ ಹಾಗೆ ಮಾಡಿದರೆ 20 ಪಾಲಾಗಿ ಹಂಚಿಹೋಗುತ್ತದೆ. ಪಾಠ ಹೇಳುವುದು ಅವರ ಕೆಲಸವೇ ಅಲ್ಲ. ಆದರೂ ಅಷ್ಟು ಚೆನ್ನಾಗಿ ಹೇಳಿಕೊಟ್ಟರು.

ನಮ್ಮ ಜೊತೆ ಸಂಜೆ ಕೂತವರಿಗೆಲ್ಲ ಮನೆಯಿತ್ತು, ಮಕ್ಕಳಿದ್ದರು, ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟುಗಳಿದ್ದವು. ನಾವು ಹೊರಡುವ ತನಕ ಬಾಗಿಲು ಹಾಕದೆ ಕಾಯುತ್ತಿದ್ದ ಅಟೆಂಡರ್ ಅಣ್ಣನಿಗೂ ಮನೆಗೆ ಹೋಗುವ ಹೊತ್ತು ಮೀರುತ್ತಿತ್ತು. ನನ್ನ ಕಾಲಿಗಾಗಿ ಮೆಟ್ಟಿಲ ಮೇಲಿದ್ದ ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಿದವರು ಹೆಡ್ ಮೇಡಂ. ಲೈಬ್ರರಿಯ ಮೇಡಂ ನನಗೆ ಬೇಕಾದ ಪುಸ್ತಕಗಳನ್ನು ಕೇಳುವ ಮೊದಲೇ ತೆಗೆದಿಟ್ಟಿರುತ್ತಿದ್ದರು. ಎಲ್ಲರಿಗೂ ನನ್ನ ನಮಸ್ಕಾರ.

ಈಗ ಒಂಬತ್ತು, ಹತ್ತರಲ್ಲಿ ಇರುವ ತಮ್ಮ ತಂಗಿಯರೇ, ನನ್ನ ಸ್ಪೆಷಲ್ ಕ್ಲಾಸ್ ನೋಟ್ಸ್ ಮತ್ತು ರಿಲೇ ಬರೆದಿಟ್ಟ ಪುಸ್ತಕ ಎರಡನ್ನೂ ಲೈಬ್ರರಿಯಲ್ಲಿ ಕೊಟ್ಟಿದ್ದೇನೆ. ಮೇಡಂ ಹತ್ತಿರ ಕೇಳಿ ತೆಗೆದುಕೊಳ್ಳಿ. ಗಣಿತದಲ್ಲಿ ಏನಾದರೂ ತೊಡಕಿದ್ದರೆ ಭಾನುವಾರ ನಾನು ಬಿಡುವಾಗಿರುತ್ತೇನೆ, ಬಂದು ಕೇಳಿ.