ಅವರಿಗೆ ಗೊತ್ತಿಲ್ಲದ ಹಾಗೆ ಸಾಲ ತೀರಿಸಬೇಡ

ಶಿವಮೊಗ್ಗ
ಭಾನುವಾರ

ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನೆ ರಾತ್ರಿ ನೀನು ಫೋನಿನಲ್ಲಿ ದನಿ ತಗ್ಗಿಸಿ ಹೇಳಿದೆಯಲ್ಲ, "ಅಮ್ಮಾ, ಬೋನಸ್ 3 ಲಕ್ಷ ಬಂದಿದೆ, ಇವರಿಗೆ ಹೇಳಿಲ್ಲ, ಸುಮ್ಮನೆ ಹೋಂ ಲೋನಿಗೆ ಹಾಕಿಬಿಡ್ತೀನಿ" ಅಂತ. ನಾನು "ಆಯ್ತು, ಮಲಗು" ಅಂದುಬಿಟ್ಟೆ. ಆಮೇಲೆ ನನಗೇ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಳಿಯಂದಿರು ಪಕ್ಕದ ಕೋಣೆಯಲ್ಲಿರುತ್ತಾರೆ, ನೀನು ಹೂಂ ಹೂಂ ಅನ್ನುತ್ತೀಯ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಕಾಫಿ ಆದಮೇಲೆ ನಿಮ್ಮ ಸಾಲದ ಲೆಕ್ಕ ಹಾಕಿದೆ. ಎಷ್ಟೋ ವರ್ಷ ಹೈಸ್ಕೂಲು ಮಕ್ಕಳಿಗೆ ಚಕ್ರಬಡ್ಡಿ ಕಲಿಸಿದ ಕೈ, ಇನ್ನೂ ಮರೆತಿಲ್ಲ. 50 ಲಕ್ಷ, 20 ವರ್ಷ, 8.5 ಬಡ್ಡಿ, ತಿಂಗಳ ಕಂತು 43,391. ಮೊದಲನೇ ತಿಂಗಳು ನೀವು ಕಟ್ಟಿದ್ದರಲ್ಲಿ 35,417 ಬಡ್ಡಿಗೇ ಹೋಯಿತು, ಅಸಲಿಗೆ ಬಿದ್ದದ್ದು 7,974. ಮೂರು ವರ್ಷದಲ್ಲಿ 15 ಲಕ್ಷ 62 ಸಾವಿರ ಕಟ್ಟಿದ್ದೀರಿ, ಅಸಲು ಕರಗಿದ್ದು 3 ಲಕ್ಷ 26 ಸಾವಿರ. ನಡುವೆ ಬಡ್ಡಿ ದರ ಏರಿಳಿದಿರುವುದರಿಂದ ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಸ್ವಲ್ಪ ಆಚೀಚೆ ಇರಬಹುದು, ಆದರೆ ಚಿತ್ರ ಇದೇ. ನಿನ್ನ 3 ಲಕ್ಷವನ್ನು ಈಗ ಅಸಲಿಗೆ ಹಾಕಿ ಕಂತು ಇಷ್ಟೇ ಇಟ್ಟುಕೊಂಡರೆ ಉಳಿದ 204 ಕಂತಿನಲ್ಲಿ 26 ಕಂತು ಕಡಿಮೆಯಾಗುತ್ತವೆ. 26 ಕಂತು ಅಂದರೆ 11 ಲಕ್ಷದ ಮೇಲೆ. ನಿನ್ನ ಆಸೆ ನೂರಕ್ಕೆ ನೂರು ಸರಿ. ನನ್ನ ನಿದ್ದೆ ಕೆಡಿಸಿದ್ದು "ಇವರಿಗೆ ಹೇಳಿಲ್ಲ" ಅನ್ನುವ ಆ ಒಂದು ಮಾತು.

ನಿನಗೆ ಹೇಳದೇ ಇದ್ದ ಒಂದು ವಿಷಯ ಹೇಳುತ್ತೇನೆ. ಈ ಮನೆಯ ಸಾಲವನ್ನು ನಾವು 15 ವರ್ಷದ ಬದಲು ಎಂಟೇ ವರ್ಷಕ್ಕೆ ತೀರಿಸಿದೆವು ಅಂತ ನಿನಗೆ ಗೊತ್ತು. ನೆಂಟರ ಮುಂದೆ ಅದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಗೆ ತೀರಿತು ಅನ್ನುವುದನ್ನು ಮಾತ್ರ ಯಾರಿಗೂ ಹೇಳಿಲ್ಲ.

1996ರಲ್ಲಿ ಎರಡೂವರೆ ಲಕ್ಷ ತೆಗೆದದ್ದು, 14.5 ಬಡ್ಡಿ. ಕಂತು 3,400 ಚಿಲ್ಲರೆ. ನಿಮ್ಮಪ್ಪನ ಕೈ ಆಗ ಈಗಿನದಕ್ಕಿಂತ ಧಾರಾಳ. ಹೋಟೆಲಿನಲ್ಲಿ ಎಂಟು ಜನ ಕೂತರೆ ಎಂಟೂ ಜನರ ಬಿಲ್ಲು ಇವರದ್ದೇ. ಮಾವಿನಹಣ್ಣಿನ ಕಾಲದಲ್ಲಿ ಒಂದು ಡಜನ್ ತನ್ನಿ ಅಂದರೆ ಬುಟ್ಟಿಯನ್ನೇ ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದರು. ಕೈಗಡ ಕೇಳಿದವರಿಗೆ ಇಲ್ಲ ಅಂದವರಲ್ಲ, ಕೊಟ್ಟದ್ದನ್ನು ವಾಪಸ್ ಕೇಳಿದವರೂ ಅಲ್ಲ. ಏಳು ಮಕ್ಕಳ ಮನೆಯಲ್ಲಿ ದೊಡ್ಡವರಾಗಿ ಹುಟ್ಟಿ, ಬಂದ ನೆಂಟರಿಗೆ ಕಾಫಿಗೆ ಹಾಲಿಲ್ಲವೆಂದು ತಮ್ಮನ್ನು ಪಕ್ಕದ ಮನೆಗೆ ಲೋಟ ಕೊಟ್ಟು ಕಳಿಸುತ್ತಿದ್ದುದನ್ನು ಅವರು ಮರೆತಿರಲಿಲ್ಲ. ಅದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಆಗ ನನಗೆ ಕಾಣಿಸುತ್ತಿದ್ದದ್ದು ಖಾಲಿ ಪರ್ಸು ಮಾತ್ರ.

ಹಾಗಾಗಿ ಮುಚ್ಚಿಡಲು ಶುರುಮಾಡಿದೆ. ಸ್ಕೂಲಿನಲ್ಲಿ ಟೀಚರುಗಳ ಚೀಟಿಗೆ ಸೇರಿಕೊಂಡೆ. ಡಿ.ಎ. ಅರಿಯರ್ಸ್, ಅಂದರೆ ತುಟ್ಟಿಭತ್ಯೆಯ ಹಿಂಬಾಕಿ, ಬಂದದ್ದನ್ನು ಹೇಳಲಿಲ್ಲ. ಎರಡು ಬಳೆ ಮಾರಿ, ಕಪಾಟಿನಲ್ಲಿವೆ ಅಂದೆ. ಏನಾದರೂ ಕೇಳಿದರೆ "ದುಡ್ಡೆಲ್ಲಿದೆ ಮನೇಲಿ?" ಅನ್ನುವುದೇ ನನ್ನ ಉತ್ತರವಾಗಿತ್ತು. 2003ರಲ್ಲಿ ನಿನ್ನ ಚಿಕ್ಕಪ್ಪನಿಗೆ ಆಪರೇಷನ್ ಆಯಿತು, ನೆನಪಿದೆಯಾ? ಆಗಲೂ ಅದೇ ಉತ್ತರ ಕೊಟ್ಟೆ. ನನ್ನ ಚೀಟಿ ದುಡ್ಡು ಆಗ ಪೋಸ್ಟಾಫೀಸಿನಲ್ಲಿ ಕೂತಿತ್ತು.

2004ರಲ್ಲಿ, ಎಂಟು ವರ್ಷ ಕಟ್ಟಿದ ಮೇಲೆ, ಇನ್ನೂ 1 ಲಕ್ಷ 79 ಸಾವಿರ ಅಸಲು ಬಾಕಿ ಇತ್ತು. ಸಾಲ ನನ್ನ ಸಂಬಳದ ಮೇಲೆ ನನ್ನ ಹೆಸರಿಗೇ ಇದ್ದದ್ದರಿಂದ ನಾನೊಬ್ಬಳೇ ಹೋಗಿ ಕಟ್ಟಿ ಬಂದೆ. ಬೇಗ ತೀರಿಸಿದ್ದಕ್ಕೆ ಅಂತ ಆ ಕಂಪನಿಯವರು ಬಾಕಿಯ ಮೇಲೆ ನೂರಕ್ಕೆ ಎರಡರಂತೆ 3,590 ರೂಪಾಯಿ ದಂಡ ಹಾಕಿದರು, ಅದನ್ನೂ ಕಟ್ಟಿದೆ. ಕ್ರಯಪತ್ರದ ಫೈಲನ್ನು ತಂದು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಇವರನ್ನು ಕರೆದು ತೋರಿಸಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಫೈಲನ್ನು ಒಂದೊಂದೇ ಹಾಳೆ ತಿರುವಿ ನೋಡಿದರು. ನೋಡಿ, "ಯಾವಾಗಿಂದ ಕೂಡಿಡ್ತಿದ್ದೆ?" ಅಂತ ಮಾತ್ರ ಕೇಳಿದರು. ಆ ರಾತ್ರಿ ಊಟ ಮಾಡಲಿಲ್ಲ.

ವಿಷಯ ಗೊತ್ತಾದದ್ದು ವಾರ ಕಳೆದ ಮೇಲೆ. ತಮ್ಮನ ಆಪರೇಷನ್ನಿಗೆ ಅವರು ಹೊರಗಡೆ ಮೂರು ರೂಪಾಯಿ ಬಡ್ಡಿಗೆ 40,000 ತಂದಿದ್ದರು. ತಿಂಗಳಿಗೆ 1,200 ಬಡ್ಡಿ, ಹದಿನಾಲ್ಕು ತಿಂಗಳು, ಮನೆಯಲ್ಲಿ ದುಡ್ಡಿಲ್ಲ ಅಂತ ನಂಬಿಕೊಂಡು, ನನಗೆ ಹೇಳಿದರೆ ಚಿಂತೆ ಮಾಡುತ್ತಾಳೆ ಅಂತ ಹೇಳದೆ. ವರ್ಷಕ್ಕೆ ನೂರಕ್ಕೆ 36. ನಾನು 14.5ರ ಸಾಲ ತೀರಿಸಲು ದುಡ್ಡು ಬಚ್ಚಿಡುತ್ತಿದ್ದ ಅದೇ ತಿಂಗಳುಗಳಲ್ಲಿ, ಅದೇ ಮನೆಯ ಇನ್ನೊಬ್ಬರು 36ರ ಬಡ್ಡಿ ಕಟ್ಟುತ್ತಿದ್ದರು. ಗಣಿತದ ಟೀಚರು ನಾನು. ಲೆಕ್ಕದಲ್ಲೂ ತಪ್ಪಿದ್ದೆ, ಮನುಷ್ಯತ್ವದಲ್ಲೂ ತಪ್ಪಿದ್ದೆ. ಆಮೇಲೆ ಬಹಳ ವರ್ಷ ಈ ಮನೆಗೆ ಸುಣ್ಣಬಣ್ಣ ಮಾಡಿಸುವಾಗಲೂ ಇವರು "ನಿನ್ನ ಮನೆ, ನಿನಗೆ ಬೇಕಾದ ಬಣ್ಣ ಹೊಡೆಸು" ಅನ್ನುತ್ತಿದ್ದರು. ಸಿಟ್ಟಿನಿಂದಲ್ಲ. ಅದಕ್ಕೇ ಹೆಚ್ಚು ಚುಚ್ಚುತ್ತಿತ್ತು.

ಇದನ್ನು ಓದಿ, "ಇವರು ಅಪ್ಪನ ಹಾಗಲ್ಲ, ಇವರು ಬೇರೆಯವರಿಗೆ ಕೊಡಲ್ಲ, ತಮಗೇ ತಗೊಳ್ಳೋದು" ಅನ್ನುತ್ತೀಯ. ಇರಬಹುದು. ವರ್ಷಕ್ಕೊಂದು ಫೋನು, ತಿಂಗಳಿಗೆರಡು ಸಲ ಸಕಲೇಶಪುರದ ರೆಸಾರ್ಟು ಕಡಿಮೆ ಖರ್ಚಲ್ಲ, ನಾನು ಒಪ್ಪುತ್ತೇನೆ. ಆದರೆ ಒಂದು ಕೇಳುತ್ತೇನೆ, ಅವರ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟನ್ನು ನೀನು ಎಂದಾದರೂ ನೋಡಿದ್ದೀಯಾ? ನಿನ್ನ ಬೋನಸ್ ಅವರಿಗೆ ಗೊತ್ತಿಲ್ಲ ಅಂದಮೇಲೆ ಅವರ ಕಾರ್ಡಿನ ಬಾಕಿ ನಿನಗೆ ಗೊತ್ತಿರುತ್ತದೆ ಅಂತ ಹೇಗೆ ಹೇಳಲಿ? ಪೂರ್ತಿ ಕಟ್ಟದೆ ಮಿನಿಮಮ್ ಮಾತ್ರ ಕಟ್ಟುತ್ತಾ ಬಂದರೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೆ ಮೂರೂವರೆಯ ಆಸುಪಾಸು ಬಡ್ಡಿ ಬೀಳುತ್ತದೆ, ವರ್ಷಕ್ಕೆ ನಲವತ್ತರ ಮೇಲೆ. ನಿಮ್ಮಪ್ಪ ತಂದ ಮೂರು ರೂಪಾಯಿ ಬಡ್ಡಿಗಿಂತ ಇದು ಜಾಸ್ತಿ. ಹಾಗೇನಾದರೂ ಬಾಕಿ ಇದ್ದರೆ ನಿನ್ನ 3 ಲಕ್ಷ ಮೊದಲು ಹೋಗಬೇಕಾದದ್ದು ಅಲ್ಲಿಗೆ, ಹೋಂ ಲೋನಿಗಲ್ಲ. ಬಡ್ಡಿ ಇಲ್ಲದ ಕಂತು ಅಂತ ಕೊಡುತ್ತಾರಲ್ಲ, ಅದರಲ್ಲೂ ಪ್ರೊಸೆಸಿಂಗ್ ಫೀ ಇದೆಯೇ, ಒಂದೇ ಸಲ ಕೊಟ್ಟಿದ್ದರೆ ಸಿಗುತ್ತಿದ್ದ ರಿಯಾಯಿತಿ ತಪ್ಪಿತೇ ಅಂತ ಇಬ್ಬರೂ ಕೂತು ನೋಡಿ.

ಆದ್ದರಿಂದ ಮೊದಲು ಬೋನಸ್ ಬಂದದ್ದನ್ನು ಹೇಳು. ಗಂಡನಿಂದ ಮುಚ್ಚಿಟ್ಟದ್ದಕ್ಕೆ ಕ್ಷಮೆ ಕೇಳಬೇಕಾಗಿಲ್ಲ, ಎರಡು ದಿನ ತಡವಾಗಿ ಹೇಳಿದೆ ಅಷ್ಟೆ. ಹೇಳುವಾಗ 26 ಕಂತಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸು. "ನೀವು ದುಂದುಗಾರರು" ಅಂತ ಶುರುಮಾಡಿದರೆ ಅವರು ಆ ಮಾತಿಗೆ ಉತ್ತರ ಹುಡುಕುತ್ತಾರೆ, ಕಂತಿನ ಕಡೆ ನೋಡುವುದೇ ಇಲ್ಲ. ನಾನು ಇಪ್ಪತ್ತು ವರ್ಷ ಹಾಗೇ ಶುರುಮಾಡಿದವಳು.

ಎರಡನೆಯದು, ಅವರ ಖರ್ಚಿಗೆ ಅಂತ ಒಂದು ಮೊತ್ತವನ್ನು ಇಬ್ಬರೂ ಒಪ್ಪಿ ತೆಗೆದಿಡಿ. ಸಂಬಳ ಬಂದ ದಿನವೇ ಮನೆಖರ್ಚು, ಕಂತು, ಹೆಚ್ಚುವರಿ ಅಸಲು ಎಲ್ಲ ತಾನಾಗಿ ಕಟ್ ಆಗಿ, ಉಳಿದದ್ದು ಅವರ ಸ್ವಂತ ಖಾತೆಗೆ ಹೋಗಲಿ. ಆ ದುಡ್ಡಿನಲ್ಲಿ ಅವರು ಫೋನ್ ತಗೊಂಡರೂ ಗೆಳೆಯರಿಗೆ ಊಟ ಹಾಕಿಸಿದರೂ ನೀನು ಒಂದು ಮಾತು ಆಡಕೂಡದು. ನಿನಗೂ ಅಷ್ಟೇ ಮೊತ್ತ ಇಟ್ಟುಕೋ. ಈ ಮಾತಿನಲ್ಲಿ ನೀನು ಗಟ್ಟಿಯಾಗಿ ನಿಲ್ಲುವುದು ಕಷ್ಟ, ನನಗೆ ಗೊತ್ತು, ನೀನು ನನ್ನ ಮಗಳು.

ನಿನ್ನ ಆಫೀಸಿನ ಗೆಳತಿ ಓವರ್‌ಡ್ರಾಫ್ಟ್ ಥರದ ಹೋಂ ಲೋನ್ ಬಗ್ಗೆ ಹೇಳಿದಳು ಅಂದಿದ್ದೆ. ಹೆಚ್ಚಿನ ದುಡ್ಡನ್ನು ಅದರಲ್ಲಿ ಹಾಕಿಟ್ಟರೆ ಬಡ್ಡಿ ಇಳಿಯುತ್ತದೆ, ಬೇಕಾದಾಗ ತೆಗೆಯಬಹುದು. ಒಳ್ಳೆಯ ವ್ಯವಸ್ಥೆಯೇ, ಕೈ ಬಿಗಿ ಇರುವವರಿಗೆ. ಬೇಕಾದಾಗ ತೆಗೆಯಬಹುದು ಅನ್ನುವುದೇ ನಿಮ್ಮ ಮನೆಯಲ್ಲಿ ತೊಂದರೆ. ನಿಮಗೆ ಅಸಲಿಗೇ ಹೋಗಿ ಸೇರುವ, ವಾಪಸ್ ಬಾರದ ದುಡ್ಡೇ ಸರಿ. ಹಾಗೆ ಹೋದದ್ದು ಬರುವುದಿಲ್ಲವಾದ್ದರಿಂದ, ಅದಕ್ಕೂ ಮೊದಲು ಆರು ತಿಂಗಳ ಮನೆಖರ್ಚು ಮತ್ತು ಕಂತಿಗೆ ಆಗುವಷ್ಟು ಎಫ್.ಡಿ. ಇರಬೇಕು. ಕೆಲಸ ಯಾವಾಗ ಏನಾಗುತ್ತದೋ ಹೇಳಲಾಗದ ಕಾಲ ಇದು.

ಮತ್ತೊಂದು, ಇದು ನಾನು ಕಡ್ಡಾಯವಾಗಿ ಹೇಳುವ ಮಾತು. ನೀವು ಅಸಲು ಕಟ್ಟುತ್ತಾ ಹೋದ ಹಾಗೆ ಟಾಪ್ ಅಪ್ ಲೋನ್, ಅಂದರೆ ಇದೇ ಮನೆಯ ಮೇಲೆ ಇನ್ನಷ್ಟು ಸಾಲ, ಕೊಡುತ್ತೇವೆ ಅಂತ ಫೋನ್ ಬರಲು ಶುರುವಾಗುತ್ತದೆ. ಅವರಿಗೂ ಬರುತ್ತದೆ. ಸಾಲದಲ್ಲಿ ನೀವಿಬ್ಬರೂ ಇರುವುದರಿಂದ ನಿನ್ನ ಸಹಿ ಬೇಕಾಗುತ್ತದೆ. ಕಾರಿಗೆ, ಪ್ರವಾಸಕ್ಕೆ ಅಂತ ಆ ಸಹಿ ಹಾಕಬೇಡ. ಜಗಳವಾದರೂ ಪರವಾಗಿಲ್ಲ. ಬಚ್ಚಿಡಬೇಡ ಅಂದೆನೇ ಹೊರತು ಎಲ್ಲಕ್ಕೂ ತಲೆಯಾಡಿಸು ಅನ್ನಲಿಲ್ಲ.

ಬ್ಯಾಂಕಿಗೆ ಹೋದಾಗ ಕಂತು ಕಡಿಮೆ ಮಾಡಬೇಡಿ, ಅವಧಿ ಕಡಿಮೆ ಮಾಡಿ ಅಂತ ಬರವಣಿಗೆಯಲ್ಲಿ ಕೊಡು. ನನಗೆ ಹಾಕಿದ ದಂಡ ನಿಮಗಿಲ್ಲ. 2012ರಲ್ಲೇ ರಿಸರ್ವ್ ಬ್ಯಾಂಕ್ ನಿಮ್ಮದರ ಹಾಗೆ ಬಡ್ಡಿ ಏರಿಳಿಯುವ ಫ್ಲೋಟಿಂಗ್ ದರದ ಗೃಹಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಕೂಡದು ಅಂತ ಮಾಡಿತು. 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, 6.5ರಿಂದ 5.25ಕ್ಕೆ ಇಳಿದಿದೆ, ನಿಮ್ಮ ದರ ಇಳಿದಿದೆಯೇ ಕೇಳು. ಇಳಿದಿದ್ದರೂ ಕಟ್ಟುವ ಕಂತನ್ನು ಇಳಿಸಬೇಡಿ. ಟ್ಯಾಕ್ಸ್ ಉಳಿಯುತ್ತದೆ, ಸಾಲ ಇರಲಿ ಅಂತ ಅಳಿಯಂದಿರು ಹೇಳುತ್ತಾರೆ ಅಂದಿದ್ದೆಯಲ್ಲ. ನೀವು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದೀರಿ, ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಇದನ್ನು ಅವರಿಗೆ ಮೆತ್ತಗೆ ಹೇಳು.

ಒಂದೇ ಸಲ ದೊಡ್ಡ ಮೊತ್ತ ಪ್ರತಿವರ್ಷ ಬರುವುದಿಲ್ಲ. ಅದಕ್ಕಿಂತ ಸುಲಭದ್ದು ವರ್ಷಕ್ಕೆ ನೂರಕ್ಕೆ ಐದರಂತೆ ಕಂತು ಏರಿಸುವುದು. ಈ ವರ್ಷ ಹೆಚ್ಚಾಗುವುದು ತಿಂಗಳಿಗೆ 2,170 ರೂಪಾಯಿ. ಪ್ರತಿವರ್ಷ ಸಂಬಳ ಏರಿದ ತಿಂಗಳೇ ಹೀಗೆ ಏರಿಸುತ್ತಾ ಹೋದರೆ, ಬೋನಸ್ ಲೆಕ್ಕ ಬಿಟ್ಟರೂ, ಉಳಿದಿರುವ 17 ವರ್ಷ ಹತ್ತೂವರೆ ವರ್ಷಕ್ಕೆ ಬರುತ್ತದೆ. ಏರಿದ ಸಂಬಳ ಕೈಗೆ ಅಭ್ಯಾಸವಾಗುವ ಮೊದಲೇ ಹೋಗಿಬಿಡುತ್ತದೆ, ಅವರಿಗೂ ಭಾರ ಅನ್ನಿಸುವುದಿಲ್ಲ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ.

ಸಾಲ ಮುಗಿದ ದಿನ ಕ್ರಯಪತ್ರ ತರಲು ಇಬ್ಬರೂ ಹೋಗಿ. ಈಗ ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ಪರಿಹಾರ ಅನ್ನುವ ನಿಯಮ ಇದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಡಮಾನ ಬಿಡುಗಡೆ ನೋಂದಾಯಿಸಿ, ಆಸ್ತಿಯ ಮೇಲೆ ಸಾಲವಿದೆಯೇ ಅಂತ ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡುವುದನ್ನು ಮರೆಯಬೇಡಿ. ನಾನು ಅದನ್ನು ಮಾಡಿಸಿದ್ದು ಆರು ವರ್ಷ ತಡವಾಗಿ.

ಈ ಪತ್ರವನ್ನು ಬರೆದು ನಿಮ್ಮಪ್ಪನಿಗೆ ಓದಿ ಹೇಳಿದೆ. ಆಪರೇಷನ್ನಿನ ವಿಷಯ ಬಂದಾಗ ಕಿಟಕಿ ಕಡೆ ತಿರುಗಿದರು. ಆಮೇಲೆ "40,000 ಅಲ್ಲ, 45,000. ಐದು ಸಾವಿರ ನಿನಗೆ ಹೇಳಿರಲಿಲ್ಲ" ಅಂದರು. ಇಷ್ಟು ವರ್ಷದ ಮೇಲೆ.

ನೀನು ಓದಿದಮೇಲೆ ಅಳಿಯಂದಿರಿಗೂ ಕೊಡು. ಅವರ ಬೆನ್ನ ಹಿಂದೆ ಬರೆದ ಪತ್ರ ಆಗಬಾರದು ಇದು. ರೆಸಾರ್ಟಿನ ಮಾತಿಗೆ ಬೇಜಾರು ಮಾಡಿಕೊಂಡರೆ ನನಗೇ ಫೋನ್ ಮಾಡಲಿ, ನಾನು ಉತ್ತರ ಕೊಡುತ್ತೇನೆ. ಶನಿವಾರ ಇಬ್ಬರೂ ಸ್ಟೇಟ್‌ಮೆಂಟುಗಳನ್ನು ಮುಂದಿಟ್ಟುಕೊಂಡು ಕೂತಾಗ ಲೆಕ್ಕ ಹೊಂದದಿದ್ದರೆ ಕರೆ ಮಾಡು, ಒಂಬತ್ತೂವರೆವರೆಗೆ ಎದ್ದಿರುತ್ತೇನೆ.

ಇಂತಿ,
ಅಮ್ಮ