ಮಾದರಿ ಹಡಗು: ಪಟ್ಟಿ ಅಂಟಿಸುವ ಮುನ್ನ

ಮಾನ್ಯರೇ,

ಮರದ ಹಡಗಿನ ಕಿಟ್ ತರಿಸಿದ ಹಲವರು ಒಡಲಿಗೆ ತೆಳು ಮರದ ಪಟ್ಟಿ ಹೊದಿಸುವಾಗಲೇ ಕೈಚೆಲ್ಲುತ್ತಾರೆ. (ಮೊದಲ ಸಲಕ್ಕೇ ಬ್ರಿಟನ್ನಿನ ಹಳೆಯ ಯುದ್ಧನೌಕೆ ವಿಕ್ಟರಿಯಂಥ 104 ತೋಪುಗಳ ಹಡಗು ಯಾಕೆ ಬೇಕೋ!) ತಪ್ಪು ಅದಕ್ಕೂ ಮೊದಲೇ ಆಗಿರುತ್ತದೆ. ಒಡಲಿಗೆ ಆಕಾರ ಕೊಡುವ ಅಡ್ಡಹಲಗೆಗಳಲ್ಲಿ ಮೂತಿ (ಹಡಗಿನ ಮುಂತುದಿ), ಹಿಂಬದಿಯವುಗಳ ಅಂಚನ್ನು ಓರೆಯಾಗಿ ಉಜ್ಜದಿದ್ದರೆ ಪಟ್ಟಿ ಮೂಲೆಯ ಮೇಲಷ್ಟೇ ಕೂತು, ಆಮೇಲೆ ಕಿತ್ತು ಬರುತ್ತದೆ. ಪಟ್ಟಿಯೊಂದನ್ನು ಒರಗಿಸಿ ನೋಡಿ; ನಡುವೆ ಬೆಳಕು ಕಂಡರೆ ಇನ್ನೂ ಉಜ್ಜಬೇಕು. 5 ಮಿ.ಮೀ. ಪಟ್ಟಿಯನ್ನು ಮೂತಿಯತ್ತ 2.5 ಮಿ.ಮೀ.ಗಿಂತ ಕಿರಿದಾಗಿಸಬೇಡಿ. ನೀರಲ್ಲಿ ನೆನೆಸಿ, ಬಾಗಿಸಿ, ಪೂರ್ತಿ ಒಣಗಿದ ಮೇಲೆಯೇ ಅಂಟಿಸಿ. ಹಸಿ ಮರ ಕುಗ್ಗಿದಾಗ ಸಂದು ಬಿಡುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಕುತ್ತ ಹೋಗಿ; ಒಂದೇ ಬದಿ ಮುಗಿಸಿದರೆ ತಳದ ತೊಲೆ ತಿರುಚಿಕೊಳ್ಳುತ್ತದೆ. ಪಟ್ಟಿಯನ್ನು ಎರಡು ಪದರ ಹೊದಿಸುವುದಾದರೆ ಮೊದಲ ಪದರಕ್ಕೆ ಫೆವಿಕಾಲ್ ಸಾಕು. ಸೂಪರ್ ಗ್ಲೂ ಮೆತ್ತಿದಲ್ಲಿ ಪಾಲಿಶ್ ಹಿಡಿಯದು.

– ಒಬ್ಬ ಓದುಗ, ಮಂಗಳೂರು